ಸಣ್ಣ ದೋಣಿ ಮುಳುಗದಂತೆ ಏನೇನು ಸಿದ್ಧತೆ ಬೇಕು? ಪಂಪ್, ವಾಲ್ವ್, ತೇಲುವ ಡಬ್ಬಿ, ತುರ್ತು ಸಾಮಾನು

ನೀರಂಚು:
24 ಅಡಿಯ ಫೈಬರ್ ದೋಣಿ. ಒಳಗೆ ಡೀಸೆಲ್ ಇಂಜಿನ್, ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್. ನೀರಿನ ಮಟ್ಟದ ಕೆಳಗೆ ಮೂರು ತೂತು ಇವೆ: ಇಂಜಿನ್ ತಂಪು ಮಾಡುವ ನೀರಿಗೆ 25 ಮಿ.ಮೀ., ಡೆಕ್ಕಿನ ನೀರು ಹೊರಗೆ ಹೋಗಲು 38 ಮಿ.ಮೀ.ನವು ಎರಡು. 12 ವೋಲ್ಟಿನ 100 ಆಂಪ್-ಅವರ್ ಬ್ಯಾಟರಿ ಒಂದು. ತಳದಲ್ಲಿ ಗಂಟೆಗೆ 2000 ಗ್ಯಾಲನ್ ಎಂದು ಬರೆದಿರುವ ಪಂಪ್. ದೋಣಿ ವಾರಗಟ್ಟಲೆ ಯಾರೂ ಇಲ್ಲದೆ ನೀರಲ್ಲೇ ಕಟ್ಟಿರುತ್ತದೆ. ಇನ್ನೂ ದೊಡ್ಡ ಪಂಪ್ ಹಾಕಬೇಕೇ, ಅಥವಾ ಎರಡು ಹಾಕಬೇಕೇ? ತುರ್ತಿಗೆ ಏನೇನು ಇಟ್ಟಿರಬೇಕು? ಬ್ರಾಂಡ್ ಹೆಸರು ಬೇಡ, ಲೆಕ್ಕ ಹೇಳಿ.

ಬಿರಡೆ:
ಹಾಗಾದರೆ ಪಂಪ್ ಬದಿಗಿಟ್ಟು ತೂತಿನಿಂದಲೇ ಶುರು ಮಾಡೋಣ.

ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗೆ 25 ಮಿ.ಮೀ. ತೂತು ಪೂರಾ ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 60 ಲೀಟರ್ ಒಳಗೆ ಬರುತ್ತದೆ. 38 ಮಿ.ಮೀ. ಆದರೆ 140 ಲೀಟರ್, 50 ಮಿ.ಮೀ. ಆದರೆ 240. ಅದೇ ತೂತುಗಳು 30 ಸೆಂ.ಮೀ. ಆಳದಲ್ಲಿದ್ದರೆ 43, 100, 170. ಗಮನಿಸಿ, ಆಳ ಅರ್ಧಕ್ಕಿಳಿದರೂ ನೀರು ಮೂರನೇ ಒಂದು ಪಾಲಿನಷ್ಟೂ ಕಡಿಮೆಯಾಗಿಲ್ಲ. ತೂತಿನ ವ್ಯಾಸ ಎರಡು ಪಟ್ಟಾದರೆ ಮಾತ್ರ ನೀರು ನಾಲ್ಕು ಪಟ್ಟಾಗುತ್ತದೆ.

ಈಗ ನಿಮ್ಮ ಪಂಪ್. ಗಂಟೆಗೆ 2000 ಗ್ಯಾಲನ್ ಅಂದರೆ ನಿಮಿಷಕ್ಕೆ 126 ಲೀಟರ್. ಹೋಸ್ ಹಾಕದೆ, ನೀರನ್ನು ಮೇಲೆತ್ತದೆ, ಬ್ಯಾಟರಿ ಚಾರ್ಜ್ ಆಗುತ್ತಿರುವಾಗಿನ 13.6 ವೋಲ್ಟಿನಲ್ಲಿ ಅಳೆದ ಅಂಕಿ ಅದು. ಒಂದು ಮೀಟರ್ ಮೇಲೆತ್ತಬೇಕು, ಮೂರು ಮೀಟರ್ ಹೋಸ್ ಇದೆ, ಬ್ಯಾಟರಿ 12ಕ್ಕೆ ಇಳಿದಿದೆ ಅಂದರೆ ಅರ್ಧ ಹಿಡಿಯಿರಿ. ಅಂದರೆ 25 ಮಿ.ಮೀ. ತೂತಿಗೆ ಅಂತೂ ಇಂತೂ ಸಾಟಿಯಾಗುತ್ತದೆ, 38ರ ಮುಂದೆ ಸೋಲುತ್ತದೆ. ಎರಡು ಪಂಪ್ ಹಾಕಿದರೂ ಒಂದು 38ಕ್ಕೆ ಸಾಲುವುದಿಲ್ಲ. ಅಷ್ಟರಲ್ಲಿ ಒಟ್ಟು 16 ಆಂಪ್ ಎಳೆದು, ಬ್ಯಾಟರಿಯ ಬಳಸಬಹುದಾದ ಅರ್ಧ ಪಾಲು ಮೂರು ಗಂಟೆಯಲ್ಲಿ ಮುಗಿದಿರುತ್ತದೆ.

ಆದ್ದರಿಂದ ಆ ಮೂರು ತೂತುಗಳ ಮೇಲೆ ಮೊದಲು ದುಡ್ಡು ಹಾಕಿ. ಪ್ರತಿಯೊಂದರಲ್ಲೂ ನೋಡಬೇಕಾದದ್ದು ಇಷ್ಟು.

ಲೋಹ ಯಾವುದು? ಕಂಚು ಇರಬೇಕು. ಹಿತ್ತಾಳೆಯಾದರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದು ಹಾಕುತ್ತದೆ. ಚಾಕುವಿನ ತುದಿಯಲ್ಲಿ ಕೆರೆದು ನೋಡಿ: ಹಳದಿ ಹೊಳಪಿನ ಬದಲು ಗುಲಾಬಿ ಬಣ್ಣ ಕಂಡರೆ ಸತು ಹೋಗಿದೆ, ಉಳಿದಿರುವುದು ಸ್ಪಂಜಿನಂಥ ತಾಮ್ರ. ಕೈಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ, ಕಾಲು ತಾಗಿದರೆ ಮುರಿಯುತ್ತದೆ.

ವಾಲ್ವ್ ಹೇಗೆ ಕೂತಿದೆ? ಮನೆಯ ನಲ್ಲಿಗೆ ಹಾಕುವ ಬಾಲ್ ವಾಲ್ವನ್ನು ಹಲ್ ಫಿಟಿಂಗಿಗೆ (ದೋಣಿಯ ಮೈಯ ತೂತಿನಲ್ಲಿ ಕೂರಿಸಿದ ಕೊಳವೆಗೆ) ತಿರುಗಿಸಿಬಿಟ್ಟಿರುತ್ತಾರೆ. ಫಿಟಿಂಗಿನ ಥ್ರೆಡ್ ನೇರ, ವಾಲ್ವಿನದು ಮೊನಚಾಗುತ್ತ ಹೋಗುವಂಥದ್ದು. ಎರಡು ಮೂರು ಸುತ್ತು ಮಾತ್ರ ಹಿಡಿದು ಬಿಗಿಯಾದಂತೆ ಅನಿಸುತ್ತದೆ. ಸರಿಯಾದ ಸೀಕಾಕ್‌ಗೆ (ದೋಣಿಯ ತೂತಿಗೆಂದೇ ಮಾಡಿದ ವಾಲ್ವಿಗೆ) ಅಗಲವಾದ ಪಾದ ಇರುತ್ತದೆ, ಅದರಡಿ ಹಲಗೆ ಅಥವಾ ಫೈಬರ್ ತಟ್ಟೆ ಕೂರಿಸಿರುತ್ತಾರೆ. ದೋಣಿಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎಬಿವೈಸಿಯ ಎಚ್-27 ಮಾನದಂಡದ ಪ್ರಕಾರ ಸೀಕಾಕಿನ ಒಳತುದಿಯ ಮೇಲೆ 500 ಪೌಂಡ್, ಅಂದರೆ ಸುಮಾರು 227 ಕೆ.ಜಿ. ಭಾರ 30 ಸೆಕೆಂಡು ಬಿದ್ದರೂ ಅದು ತಾಳಬೇಕು. ಅಲೆಯಲ್ಲಿ ಜಾರಿದ ಮನುಷ್ಯ ಅದರ ಮೇಲೆ ಬೀಳಬಹುದು, ಲಂಗರಿನ ಸರಪಳಿ ಬಂದು ಬಡಿಯಬಹುದು. ಆ ಅಂಕಿ ಅದಕ್ಕಾಗಿಯೇ ಇದೆ.

ಹಿಡಿ ತಿರುಗುತ್ತದೆಯೇ? ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ಜಾಮ್ ಆದ ವಾಲ್ವ್ ಇದ್ದೂ ಇಲ್ಲದ ಹಾಗೆ.

ಹೋಸ್ ಕ್ಲಾಂಪ್ ಎರಡೆರಡು ಇರಲಿ, 316 ಸ್ಟೇನ್‌ಲೆಸ್ಸಿನವು. ಆಯಸ್ಕಾಂತ ಹಿಡಿದು ನೋಡಿ: ಎಷ್ಟೋ ಕ್ಲಾಂಪುಗಳಲ್ಲಿ ಪಟ್ಟಿ ಮಾತ್ರ ಸ್ಟೇನ್‌ಲೆಸ್, ಸ್ಕ್ರೂ ಸಾದಾ ಉಕ್ಕು. ತುಕ್ಕು ಶುರುವಾಗುವುದು ಕಣ್ಣಿಗೆ ಕಾಣದ ಕಡೆ, ಸ್ಕ್ರೂ ಪೆಟ್ಟಿಗೆಯ ಕೆಳಗಿನ ಪಟ್ಟಿಯಲ್ಲಿ. ಸ್ಕ್ರೂಗಳನ್ನು ಎದುರುಬದುರು ಕೂರಿಸಿ. ಹೋಸ್ ಕೂರುವ ಮೂತಿ ಗಿಡ್ಡವಾಗಿದ್ದರೆ ಎರಡನೆಯ ಕ್ಲಾಂಪ್ ಅಂಚಿನಾಚೆ ಬಿದ್ದು ಹೋಸನ್ನೇ ಕತ್ತರಿಸುತ್ತದೆ. ಅಂಥಲ್ಲಿ ಮೂತಿಯನ್ನೇ ಬದಲಿಸಿ.

ತಂತಿಪೆಟ್ಟಿಗೆ:
ಮೇಲಿನ ಮಾತು ಒಪ್ಪುತ್ತೇನೆ. ಆದರೂ ಯಾರೂ ಇಲ್ಲದಾಗ ಕೆಲಸ ಮಾಡುವುದು ಪಂಪೇ ಆದ್ದರಿಂದ ಅದರ ವೈರಿಂಗ್ ಬಗ್ಗೆ.

ಪಂಪಿನ ಆಟೋ ಲೈನ್ (ನೀರು ಏರಿದಾಗ ಅದನ್ನು ತಾನಾಗಿ ಓಡಿಸುವ ತಂತಿ) ಮೇನ್ ಸ್ವಿಚ್ ದಾಟದೆ ನೇರ ಬ್ಯಾಟರಿಯಿಂದ ಬರಬೇಕು, ಇಲ್ಲದಿದ್ದರೆ ಮನೆಗೆ ಹೋಗುವಾಗ ಮೇನ್ ಆರಿಸಿದ ಕೂಡಲೇ ಪಂಪೂ ಸತ್ತಂತೆ. ಬ್ಯಾಟರಿಯ ಹತ್ತಿರವೇ ಫ್ಯೂಸ್, ಪಂಪಿನ ಮೇಲೆ ಬರೆದಷ್ಟೇ ಆಂಪಿನದು. ಫ್ಯೂಸ್ ಹಾರುತ್ತಿದೆ ಎಂದು ದೊಡ್ಡದು ಹಾಕಬೇಡಿ. ಕಸ ಸಿಕ್ಕಿ ರೆಕ್ಕೆ ನಿಂತಾಗ ಮೋಟಾರ್ ಕಾದು ಕೆಂಪಾಗುವ ಮೊದಲು ಫ್ಯೂಸ್ ಹೋಗಬೇಕು.

ವೈರ್ ದಪ್ಪ: 10 ಆಂಪ್ ಎಳೆಯುವ ಪಂಪ್, ಬ್ಯಾಟರಿಯಿಂದ 4 ಮೀಟರ್ ದೂರ, ಹೋಗಿ ಬರಲು 8 ಮೀಟರ್ ತಂತಿ. 1.5 ಚದರ ಮಿ.ಮೀ. ವೈರಿನಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿ.ಮೀ. ಹಾಕಿ, ತವರ ಲೇಪಿಸಿದ ತಾಮ್ರದ್ದು. ಜಾಯಿಂಟುಗಳು ತಳದ ನೀರು ಮುಟ್ಟದಷ್ಟು ಮೇಲಿರಲಿ, ಒಳಗೆ ಅಂಟಿರುವ ಹೀಟ್-ಶ್ರಿಂಕ್ ತೋಳು ಹಾಕಿ. ಟೇಪ್ ಸುತ್ತಿದ ಜಾಯಿಂಟ್ ಉಪ್ಪುನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಪಂಪ್ ಮತ್ತು ಫ್ಲೋಟ್ ಸ್ವಿಚ್ (ನೀರು ಏರಿದಾಗ ತೇಲಿ ಪಂಪ್ ಚಾಲೂ ಮಾಡುವ ಸ್ವಿಚ್) ಸಾಯುವ ಸಾಮಾನ್ಯ ಜಾಗ ಅದೇ.

ಇನ್ನೊಂದು ಲೆಕ್ಕ ಮಾಡಿ ನೋಡಿ. ಎಲ್ಲೋ ನಿಮಿಷಕ್ಕೆ ಒಂದೇ ಲೀಟರ್ ಸೋರುತ್ತಿದೆ ಅನ್ನಿ. ದಿನಕ್ಕೆ 1440 ಲೀಟರ್. 8 ಆಂಪಿನ, ನಿಮಿಷಕ್ಕೆ 60 ಲೀಟರ್ ಎತ್ತುವ ಪಂಪ್ ಅದನ್ನು ದಿನಕ್ಕೆ 24 ನಿಮಿಷ ಓಡಿ ಖಾಲಿ ಮಾಡುತ್ತದೆ, ಖರ್ಚು 3.2 ಆಂಪ್-ಅವರ್. ನೋಡುವವರಿಗೆ ದೋಣಿ ಒಣಗಿಯೇ ಇದೆ. ಎರಡು ವಾರಕ್ಕೆ 45 ಆಂಪ್-ಅವರ್ ಹೋಗಿ ಬ್ಯಾಟರಿ ಅರ್ಧ ಕುಸಿಯುತ್ತದೆ. ಆಮೇಲೆ ಪಂಪ್ ನಿಧಾನವಾಗಿ ನಿಂತು, ಮಾರನೆಯ ದಿನವೇ ಒಳಗೆ ಒಂದೂವರೆ ಟನ್ ಹತ್ತಿರ ನೀರು. ಅದಕ್ಕೇ ಪಂಪ್ ಎಷ್ಟು ಸಲ ಓಡಿತು ಎಂದು ಎಣಿಸುವ ಸಣ್ಣ ಕೌಂಟರ್ ಹಾಕಿಸಿ. ದಿನಕ್ಕೆ ಎರಡು ಸಲ ಓಡುತ್ತಿದ್ದದ್ದು ಹತ್ತಾದರೆ ಹುಡುಕಬೇಕಾದದ್ದು ಸೋರಿಕೆಯನ್ನು.

ಎರಡು ಪಂಪ್ ಹಾಕುವುದಾದರೆ ಚಿಕ್ಕದು (ಗಂಟೆಗೆ 500 ಗ್ಯಾಲನ್, 19 ಮಿ.ಮೀ. ಹೋಸ್) ತಳದ ತೀರಾ ಕೆಳಗೆ, ದೊಡ್ಡದು ಅದಕ್ಕಿಂತ 10 ಸೆಂ.ಮೀ. ಮೇಲೆ. ದೊಡ್ಡದರ ಫ್ಲೋಟಿಗೆ ಒಂದು ಜೋರಾದ ಅಲಾರಂ ಜೋಡಿಸಿ. ಅದು ಕೂಗಿದರೆ ಚಿಕ್ಕದು ಸೋತಿದೆ ಎಂದು ಅರ್ಥ.

ನೀರಂಚು:
ಇಬ್ಬರಿಗೂ ಧನ್ಯವಾದ. ಒಂದು ಅನುಮಾನ: ಪಂಪ್ ನಿಂತ ಮೇಲೆ ಹೋಸಿನಲ್ಲಿ ಉಳಿದ ನೀರು ವಾಪಸ್ ಬಂದು ಮತ್ತೆ ಪಂಪ್ ಆನ್ ಆಗುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಒಂದನ್ನು ಹಾಕಿಬಿಟ್ಟರೆ ಆಗದೇ?

ತಂತಿಪೆಟ್ಟಿಗೆ:
ಬೇಡ. ಚೆಕ್ ವಾಲ್ವಿನ ಕವಾಟಕ್ಕೆ ಒಂದು ಬಟ್ಟೆಯ ನೂಲು ಸಿಕ್ಕರೂ ಸಾಕು, ಮುಚ್ಚಿದ್ದು ತೆರೆಯುವುದಿಲ್ಲ, ಅಥವಾ ತೆರೆದದ್ದು ಮುಚ್ಚುವುದಿಲ್ಲ. ಮೇಲೆ ಹೇಳಿದ ಚಿಕ್ಕ ಪಂಪ್ ಇದಕ್ಕೂ ಮದ್ದು. 19 ಮಿ.ಮೀ. ಹೋಸ್ ಮೂರು ಮೀಟರಿಗೆ ಒಂದು ಲೀಟರಿಗಿಂತ ಕಡಿಮೆ ನೀರು ಹಿಡಿಯುತ್ತದೆ, 28 ಮಿ.ಮೀ.ನದು ಎರಡು ಲೀಟರಿನ ಹತ್ತಿರ.

ಹೋಸ್ ಒಳಮೈ ನುಣ್ಣಗಿರಲಿ, ಸುರುಳಿ ಏಣುಗಳಿರುವುದು ಬೇಡ. ಹೊರಬಾಯಿ ನೀರಿನ ಮಟ್ಟದಿಂದ ಕನಿಷ್ಠ 30 ಸೆಂ.ಮೀ. ಮೇಲಿರಬೇಕು, ದೋಣಿ ವಾಲಿದಾಗಲೂ, ಹಿಂಭಾಗ ಕುಸಿದಾಗಲೂ ಮುಳುಗಬಾರದು. ಮುಳುಗುವ ಸಾಧ್ಯತೆ ಇದ್ದರೆ ಹೋಸನ್ನು ಡೆಕ್ಕಿನ ಕೆಳಗಿನವರೆಗೂ ಏರಿಸಿ, ತುತ್ತತುದಿಯಲ್ಲಿ ಗಾಳಿ ಎಳೆದುಕೊಳ್ಳುವ ವೆಂಟ್ ಹಾಕಿ. ಅದಿಲ್ಲದಿದ್ದರೆ ಪಂಪ್ ನಿಂತ ಕೂಡಲೇ ಸೈಫನ್ ಹಿಡಿದು ಹೊರಗಿನ ನೀರು ಅದೇ ಹೋಸಿನಲ್ಲಿ ಒಳಗೆ ಬರುತ್ತದೆ.

ಪಡುಗಾಳಿ:
ಶಾಫ್ಟ್ ಗ್ಲಾಂಡ್, ಅಂದರೆ ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿ ನೀರು ತಡೆಯುವ ಜೋಡಣೆ, ಅದರ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ದೋಣಿಯಲ್ಲಿ ಅದು ನಾಲ್ಕನೆಯ ತೂತು.

ಹಳೆಯ ಥರದ, ಪ್ಯಾಕಿಂಗ್ ಹಗ್ಗ ತುಂಬುವ ಗ್ಲಾಂಡ್ ಆದರೆ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಬೇಕು, ನಿಂತಾಗ ಬೀಳಬಾರದು. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ ನಾಲ್ಕು ಲೀಟರಿಗಿಂತ ಜಾಸ್ತಿ. ಹನಿ ನಿಲ್ಲಿಸಬೇಕೆಂದು ವಿಪರೀತ ಬಿಗಿ ಮಾಡಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿನಲ್ಲಿ ಗೆರೆ ಕೊರೆಯುತ್ತದೆ. ಹತ್ತು ನಿಮಿಷ ಓಡಿಸಿ, ಶಾಫ್ಟ್ ನಿಲ್ಲಿಸಿ ಗ್ಲಾಂಡ್ ಮೇಲೆ ಅಂಗೈ ಇಡಿ. ಇಡಲಾಗದಷ್ಟು ಬಿಸಿಯಿದ್ದರೆ ಬಿಗಿ ಜಾಸ್ತಿಯಾಗಿದೆ.

ಬದಲಿಸುವಾಗ ದೋಣಿ ದಡದ ಮೇಲಿರಲಿ. ಹಳೆಯ ಸುತ್ತುಗಳನ್ನು ಒಂದೂ ಬಿಡದೆ ತೆಗೆಯಿರಿ. ಹಗ್ಗದ ಅಳತೆ: ಗ್ಲಾಂಡಿನ ಒಳವ್ಯಾಸದಿಂದ ಶಾಫ್ಟಿನ ವ್ಯಾಸ ಕಳೆದು ಎರಡರಿಂದ ಭಾಗಿಸಿ. ಶಾಫ್ಟಿಗೇ ಸುತ್ತಿ, ಓರೆಯಾಗಿ ಕತ್ತರಿಸಿ, ಬಿಡಿ ಬಿಡಿ ಉಂಗುರ ಮಾಡಿಕೊಳ್ಳಿ. ಸಾಮಾನ್ಯವಾಗಿ ಮೂರೋ ನಾಲ್ಕೋ ಬೇಕು. ಪ್ರತಿ ಉಂಗುರದ ಬಾಯಿ ಹಿಂದಿನದರಿಂದ ಮೂರನೇ ಒಂದು ಸುತ್ತು ಸರಿದಿರಲಿ. ಒಂದೇ ಹಗ್ಗವನ್ನು ಸುರುಳಿಯಾಗಿ ತುರುಕಿದರೆ ನೀರಿಗೆ ಅದೇ ಸುರುಳಿ ದಾರಿಯಾಗುತ್ತದೆ. ನಟ್ ಕೈಯಲ್ಲೇ ಬಿಗಿ ಮಾಡಿ, ನೀರಿಗಿಳಿಸಿದ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಹನಿಯ ಲೆಕ್ಕಕ್ಕೆ ತನ್ನಿ. ಲಾಕ್ ನಟ್ ಮರೆಯಬೇಡಿ.

ಗ್ಲಾಂಡನ್ನು ಶಾಫ್ಟ್ ಕೊಳವೆಗೆ ಜೋಡಿಸುವ ರಬ್ಬರ್ ಹೋಸ್ ಗಿಡ್ಡವಾಗಿರುತ್ತದೆ, ಕತ್ತಲಲ್ಲಿರುತ್ತದೆ, ಯಾರೂ ನೋಡುವುದಿಲ್ಲ. ಕನ್ನಡಿ ಹಿಡಿದು ಕೆಳಗಿನ ಮಗ್ಗುಲನ್ನೂ ನೋಡಿ.

ಒಂಟಿಹುಟ್ಟು:
ನನ್ನದು 14 ಅಡಿಯ ತೆರೆದ ಫೈಬರ್ ದೋಣಿ, 15 ಎಚ್‌ಪಿ ಔಟ್‌ಬೋರ್ಡ್. ವಾಲ್ವೂ ಇಲ್ಲ, ಗ್ಲಾಂಡೂ ಇಲ್ಲ. ಇಂಥದ್ದಕ್ಕೆ ಏನು ಮಾಡಬೇಕು?

ಬಿರಡೆ:
ನಿಮಗೆ ಮೂರು ಅಪಾಯ.

ಹಿಂಬದಿಯ ನೀರುಬಿಡುವ ತೂತಿನ ಬಿರಡೆ ಮೊದಲನೆಯದು. ದಡದಲ್ಲಿ ಮಳೆನೀರು ಹೋಗಲಿ ಎಂದು ತೆಗೆದದ್ದನ್ನು ನೀರಿಗಿಳಿಸುವಾಗ ಹಾಕದಿರುವುದೇ ಈ ಬಗೆಯ ದೋಣಿ ದಡದ ಪಕ್ಕದಲ್ಲೇ ಮುಳುಗಲು ಮುಖ್ಯ ಕಾರಣ. ತೆಗೆದ ಬಿರಡೆಯನ್ನು ಇಂಜಿನ್ನಿನ ಕೀಗೋ ತುರ್ತು ಸ್ವಿಚ್ಚಿನ ಹಗ್ಗಕ್ಕೋ ಕಟ್ಟಿಡಿ, ಅದನ್ನು ಬಿಚ್ಚದೆ ಇಂಜಿನ್ ಚಾಲೂ ಆಗಬಾರದು. ಹೆಚ್ಚುವರಿ ಬಿರಡೆಯೊಂದು ದೋಣಿಯಲ್ಲೇ ಇರಲಿ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಬಿರಡೆ ಕೂರುವ ಲೋಹದ ಬಳೆಯ ಸುತ್ತ ಸೀಲಂಟ್ ಬಿಟ್ಟುಕೊಂಡಿದ್ದರೆ ನೀರು ಹಿಂಬದಿಯ ಹಲಗೆಯೊಳಗೆ ಹೋಗಿ ಅದನ್ನು ಕೊಳೆಸುತ್ತದೆ, ಇಂಜಿನ್ ನೇತಾಡುವುದು ಅದೇ ಹಲಗೆಗೆ.

ಎರಡನೆಯದು ಮಳೆ. ನಿಮ್ಮ ದೋಣಿಯ ಬಾಯಿ ಸುಮಾರು 5 ಚದರ ಮೀಟರ್. ಒಂದು ರಾತ್ರಿ 50 ಮಿ.ಮೀ. ಸುರಿದರೆ 250 ಲೀಟರ್, ಅಂದರೆ 250 ಕೆ.ಜಿ. ಇಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಹಿಂಭಾಗಕ್ಕೆ ಅಷ್ಟೂ ಹರಿದು ಬಂದು, ಇಂಜಿನ್ ಕೂರಿಸಲು ಅಂಚು ತಗ್ಗಿಸಿರುವ ಜಾಗ ನೀರಿನ ಮಟ್ಟಕ್ಕಿಳಿಯುತ್ತದೆ. ಆಮೇಲೆ ಸಣ್ಣ ಅಲೆ ಸಾಕು. ನಡುವೆ ಎತ್ತರವಾಗಿ, ನೀರು ನಿಲ್ಲದಂತೆ ಟಾರ್ಪಾಲ್ ಕಟ್ಟಿ. ನಡುವೆ ಜೋಲು ಬಿದ್ದ ಟಾರ್ಪಾಲ್ ತಾನೇ ನೀರಿನ ತೊಟ್ಟಿಯಾಗುತ್ತದೆ.

ಮೂರನೆಯದು ಕಟ್ಟುವ ಮತ್ತು ಲಂಗರು ಹಾಕುವ ರೀತಿ. ಮೂತಿಯನ್ನು ಅಲೆಯ ಕಡೆಗಿಟ್ಟು ಕಟ್ಟಿ. ಹಿಂಬದಿಯಿಂದ ಲಂಗರು ಹಾಕಲೇಬೇಡಿ. ಉಬ್ಬರ ಇಳಿತ ಇರುವಲ್ಲಿ ಹಗ್ಗ ಗಿಡ್ಡವಾದರೆ ನೀರು ಏರುವಾಗ ದೋಣಿ ಏರಲಾಗದೆ ಅಲ್ಲೇ ಮುಳುಗುತ್ತದೆ. ಅಂಚು ದೋಣಿಕಟ್ಟೆಯ (ಜೆಟ್ಟಿಯ) ತೊಲೆಯಡಿ ಸಿಕ್ಕಿಕೊಂಡರೂ ಅದೇ ಗತಿ.

ತೇಲುಲೆಕ್ಕ:
ತೆರೆದ ದೋಣಿಗೆ ಇದರ ಜೊತೆ ತೇಲುವ ವಸ್ತು ಬೇಕೇ ಬೇಕು. ನೀರು ತುಂಬಿದರೂ ಹಿಡಿದುಕೊಳ್ಳಲು ದೋಣಿ ಮೇಲಿರುತ್ತದೆ.

ಲೆಕ್ಕ ಸುಲಭ. ಫೈಬರ್ ನೀರಲ್ಲಿ ಮುಳುಗಿದಾಗ ತನ್ನ ತೂಕದ ಮೂರನೇ ಒಂದು ಪಾಲು ಮಾತ್ರ ಭಾರ, ಅಲ್ಯೂಮಿನಿಯಂ 63 ಶೇಕಡ, ಉಕ್ಕು 88 ಶೇಕಡ. ನಿಮ್ಮ ದೋಣಿ ಬರಿ ಮೈ 200 ಕೆ.ಜಿ. ಇದೆ ಅಂದುಕೊಂಡರೆ 66. ಇಂಜಿನ್ 45, ಬ್ಯಾಟರಿ 15, ಇವೆರಡನ್ನೂ ಪೂರ್ತಿ ಹಿಡಿಯಿರಿ. ನಾಲ್ಕು ಜನ ಅಂಚು ಹಿಡಿದು ತೇಲುವುದಾದರೆ ತಲಾ 20ರಂತೆ 80. ಒಟ್ಟು 206. ಕಾಲು ಪಾಲು ಸೇರಿಸಿದರೆ ಸುಮಾರು 260 ಕೆ.ಜಿ. ಒಂದು ಲೀಟರ್ ಗಾಳಿ ಸುಮಾರು ಒಂದು ಕೆ.ಜಿ. ಎತ್ತುತ್ತದೆ, ಹಾಗಾಗಿ 260 ಲೀಟರ್, ಅಂದರೆ 20 ಲೀಟರಿನ ಹದಿಮೂರು ಮುಚ್ಚಿದ ಡಬ್ಬಿ.

ಇಡುವ ಜಾಗ ಲೆಕ್ಕಕ್ಕಿಂತ ಮುಖ್ಯ. ಎಲ್ಲವನ್ನೂ ನೆಲಹಾಸಿನಡಿ ತುಂಬಿದರೆ ನೀರು ತುಂಬಿದ ದೋಣಿ ಬುಡಮೇಲಾಗುತ್ತದೆ, ಯಾಕೆಂದರೆ ತೇಲುವ ಭಾಗ ಮೇಲಕ್ಕೆ ಬರಲು ಹವಣಿಸುತ್ತದೆ. ಎರಡೂ ಪಕ್ಕದ ಅಂಚಿನ ಕೆಳಗೆ, ಆದಷ್ಟು ಎತ್ತರದಲ್ಲಿ, ಉದ್ದಕ್ಕೂ ಹಂಚಿ. ಇಂಜಿನ್ನಿನ 45 ಕೆ.ಜಿ.ಗೆ ತಕ್ಕಷ್ಟು ಹಿಂಭಾಗದ ಎರಡು ಮೂಲೆಗಳಲ್ಲಿ ಇರಲಿ. 20 ಲೀಟರ್ ಡಬ್ಬಿ 20 ಕೆ.ಜಿ. ಬಲದಿಂದ ಮೇಲಕ್ಕೆ ಎಳೆಯುತ್ತದೆ. ಸುತಳಿ ತಡೆಯುವುದಿಲ್ಲ, ಅಗಲ ಪಟ್ಟಿ ಹಾಕಿ ಪಕ್ಕೆಗೆ ಬೋಲ್ಟ್ ಮಾಡಿ.

ಒಂಟಿಹುಟ್ಟು:
ಡಬ್ಬಿಯ ಬದಲು ಥರ್ಮೋಕೋಲ್ ತುಂಬಿದರೆ?

ತೇಲುಲೆಕ್ಕ:
ಪೆಟ್ರೋಲ್ ತಾಗಿದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಔಟ್‌ಬೋರ್ಡ್ ದೋಣಿಯ ಹಿಂಭಾಗದಲ್ಲಿ ಪೆಟ್ರೋಲ್ ಚೆಲ್ಲದೆ ಇರುವುದಿಲ್ಲ. ಸುರಿದು ಉಬ್ಬಿಸುವ ಪಾಲಿಯುರೆಥೇನ್ ಫೋಮ್ ಪೆಟ್ರೋಲ್ ತಾಳುತ್ತದೆ, ಆದರೆ ವರ್ಷಗಟ್ಟಲೆ ನೀರಲ್ಲಿ ನೆನೆದರೆ ನೀರು ಕುಡಿದು ಭಾರವಾಗುತ್ತದೆ, ಒಳಗಿರುವುದರಿಂದ ಗೊತ್ತೂ ಆಗುವುದಿಲ್ಲ. ಡಬ್ಬಿಯನ್ನಾದರೆ ಬಿಚ್ಚಿ, ಅಲ್ಲಾಡಿಸಿ ನೋಡಬಹುದು.

ಹಲಗೆಕೆಲಸ:
ಮರದ ದೋಣಿಯವರಿಗೆ ಒಂದು ಮಾತು. ಬಿಸಿಲಲ್ಲಿ ವಾರಗಟ್ಟಲೆ ದಡದ ಮೇಲಿದ್ದ ದೋಣಿಯ ಹಲಗೆಗಳು ಒಣಗಿ ಸಂದು ಬಿಟ್ಟಿರುತ್ತವೆ. ಆ ಸಂದಿಗೆ ಗಟ್ಟಿಯಾಗುವ ಎಪಾಕ್ಸಿ ತುಂಬಬೇಡಿ. ನೀರಿಗಿಳಿದು ಹಲಗೆ ಉಬ್ಬಿದಾಗ ಎಪಾಕ್ಸಿ ಕುಗ್ಗದೆ ಹಲಗೆಯನ್ನೇ ತಳ್ಳಿ, ಪಕ್ಕೆಗೆ ಹೊಡೆದ ಮೊಳೆ ಸಡಿಲಿಸುತ್ತದೆ. ಹತ್ತಿಯ ನೂಲು ಹದವಾಗಿ ಬಡಿದು ಮೆತ್ತನೆಯ ಪುಟ್ಟಿ ಹಾಕಿ. ಇಳಿಸುವ ಎರಡು ದಿನ ಮೊದಲೇ ಒಳಗೆ ಒದ್ದೆ ಗೋಣಿಚೀಲ ಹಾಸಿ, ಉಪ್ಪುನೀರು ಚಿಮುಕಿಸುತ್ತಿರಿ. ಸಿಹಿನೀರು ನಿಂತರೆ ಮರ ಕೊಳೆಯುತ್ತದೆ. ಇಳಿಸಿದ ಮೇಲೆ ತಳ ತಾಗುವಷ್ಟು ಆಳದಲ್ಲೇ ಕಟ್ಟಿ, ಪಂಪ್ ಜೊತೆಗಿಟ್ಟು, ಸಂದು ಕೂಡಿಕೊಳ್ಳುವವರೆಗೆ ಯಾರಾದರೂ ನೋಡಿಕೊಳ್ಳಲಿ.

ನೀರಂಚು:
ತುರ್ತಿನ ವಿಷಯಕ್ಕೆ ಬರೋಣ. ಓಡುತ್ತಿರುವಾಗ ಒಳಗೆ ನೀರು ಕಂಡರೆ ಯಾವ ಕ್ರಮದಲ್ಲಿ ಏನು ಮಾಡಬೇಕು?

ಪಡುಗಾಳಿ:
ಎಲ್ಲರಿಗೂ ಲೈಫ್ ಜಾಕೆಟ್. ಇದಾಗದೆ ಬೇರೆ ಕೆಲಸ ಇಲ್ಲ, ಅರ್ಧ ಮುಳುಗಿದ ದೋಣಿಯಲ್ಲಿ ಪಟ್ಟಿ ಬಿಗಿಯಲು ಆಗುವುದಿಲ್ಲ. ಒಬ್ಬರು ವಿಎಚ್‌ಎಫ್ ರೇಡಿಯೋದ ತುರ್ತು ಕರೆಗಿರುವ 16ನೇ ಚಾನೆಲ್ಲಿನಲ್ಲಿ ಮೊದಲು ಇರುವ ಜಾಗ, ಆಮೇಲೆ ಜನರ ಸಂಖ್ಯೆ ಹೇಳಲಿ. ಬ್ಯಾಟರಿ ಮುಳುಗಿದರೆ ರೇಡಿಯೋ ಹೋಯಿತು, ಆದ್ದರಿಂದ ಸಣ್ಣ ಸೋರಿಕೆ ಎನಿಸಿದರೂ ಬೇಗ ತಿಳಿಸಿ. ಮತ್ತೊಬ್ಬರು ನೆಲಹಾಸು ಎತ್ತಲಿ.

ನೀರು ಎಲ್ಲಿಯದು? ಸಮುದ್ರದಲ್ಲಿದ್ದರೆ ನಾಲಿಗೆಗೆ ಹಚ್ಚಿ ನೋಡಿ: ಸಿಹಿಯಾದರೆ ಕುಡಿಯುವ ನೀರಿನ ಟ್ಯಾಂಕ್ ಒಡೆದಿದೆ ಅಷ್ಟೇ. ಉಪ್ಪಾದರೆ ಒಂದು ಕ್ಷಣ ಇಂಜಿನ್ ನಿಲ್ಲಿಸಿ. ತಂಪು ಮಾಡುವ ನೀರಿನ ಹೋಸೋ ಹೊಗೆಕೊಳವೆಯ ಹೋಸೋ ಕಳಚಿದ್ದರೆ ಇಂಜಿನ್ನೇ ಸಮುದ್ರದ ನೀರನ್ನು ಒಳಗೆ ಪಂಪ್ ಮಾಡುತ್ತಿರುತ್ತದೆ. ಇಂಜಿನ್ ನಿಂತಾಗ ನೀರೂ ನಿಂತರೆ ಜಾಗ ಸಿಕ್ಕಿತು. ನಿಲ್ಲದಿದ್ದರೆ ಎಲ್ಲಾ ವಾಲ್ವ್ ಮುಚ್ಚಿ, ಒಂದೊಂದೇ ಹೋಸ್ ಮೇಲೆ ಕೈಯಾಡಿಸಿ. ಬೇಗ ಹುಡುಕಿ, ತೂತಿನ ಮೇಲೆ ನೀರು ನಿಂತುಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ.

ತೂತು ಸಿಕ್ಕರೆ ಮೆತ್ತನೆ ಮರದ ಮೊನಚು ಬಿರಡೆಯನ್ನು ಒಳಗಿನಿಂದ ಬಡಿಯಿರಿ. ಪ್ರತಿ ವಾಲ್ವಿನ ಪಕ್ಕದಲ್ಲೂ ಅದರ ಅಳತೆಯ ಬಿರಡೆ ದಾರದಲ್ಲಿ ಕಟ್ಟಿರಬೇಕು. ಒಡೆದ ಫೈಬರ್ ಆದರೆ ದಿಂಬು ಅಥವಾ ರಬ್ಬರ್ ಹಾಳೆ ಒತ್ತಿ, ಮೇಲೆ ಹಲಗೆ ಇಟ್ಟು, ಹುಟ್ಟನ್ನೋ ಕೋಲನ್ನೋ ಡೆಕ್ಕಿಗೆ ಆನಿಸಿ ಬೆಣೆ ಹೊಡೆಯಿರಿ. ಹೆದರಬೇಡಿ, 60 ಸೆಂ.ಮೀ. ಆಳದಲ್ಲಿ 10 × 10 ಸೆಂ.ಮೀ. ತೇಪೆಯ ಮೇಲೆ ನೀರಿನ ಒತ್ತಡ 6 ಕೆ.ಜಿ. ಮಾತ್ರ. ಸಾಮಾನು ಬರುವವರೆಗೆ ಒಬ್ಬರು ಕಾಲಲ್ಲೇ ಒತ್ತಿ ಹಿಡಿಯಬಹುದು. ಹೊರಗಿನಿಂದ ಟಾರ್ಪಾಲ್ ಇಳಿಬಿಟ್ಟು ಹಗ್ಗದಿಂದ ಎಳೆದು ಕಟ್ಟಿದರೆ ನೀರೇ ಅದನ್ನು ಒತ್ತಿ ಕೂರಿಸುತ್ತದೆ. ಭಾರವನ್ನು ಎದುರು ಮಗ್ಗುಲಿಗೆ ಸರಿಸಿ ತೂತನ್ನು ಮೇಲೆತ್ತಲು ಆಗುತ್ತದೆಯೇ ನೋಡಿ. ಆದರೆ ಒಳಗೆ ಈಗಾಗಲೇ ನೀರು ತುಂಬಿದ್ದರೆ ಇದನ್ನು ಮಾಡಬೇಡಿ. 4 × 1.2 ಮೀಟರ್ ನೆಲದಲ್ಲಿ 10 ಸೆಂ.ಮೀ. ನೀರು ಅಂದರೂ 480 ಕೆ.ಜಿ.; ದೋಣಿ ವಾಲಿದ ಕಡೆಗೇ ಅದೆಲ್ಲ ಹರಿದು ಮಗುಚಿಸುತ್ತದೆ.

ಮೊಗೆಯುವುದನ್ನು ನಿಲ್ಲಿಸಬೇಡಿ. 10 ಲೀಟರ್ ಬಕೆಟ್ಟಿನಲ್ಲಿ ನಿಮಿಷಕ್ಕೆ ಹತ್ತು ಸಲ ಮೊಗೆದರೆ 100 ಲೀಟರ್, ನಿಮ್ಮ ಪಂಪಿಗಿಂತ ಜಾಸ್ತಿ. ಇನ್ನೊಂದು ವಿಷಯ: 60 ಸೆಂ.ಮೀ. ಆಳದ ತೂತಿನ ಮೇಲೆ ಒಳಗೆ 45 ಸೆಂ.ಮೀ. ನೀರು ನಿಂತರೆ ಒಳಬರುವ ವೇಗ ಮೊದಲಿನ ಅರ್ಧಕ್ಕಿಳಿದಿರುತ್ತದೆ. ಶುರುವಿನಲ್ಲಿ ಸೋತ ಪಂಪ್ ಆಗ ಹಿಡಿತಕ್ಕೆ ತರಬಹುದು.

ನೀರಂಚು:
ಇಂಜಿನ್ನಿನ ನೀರೆಳೆಯುವ ಹೋಸನ್ನು ತಳದ ನೀರಿಗೆ ಬಿಟ್ಟರೆ ಇಂಜಿನ್ನೇ ದೊಡ್ಡ ಪಂಪ್ ಆಗುತ್ತದೆ ಅನ್ನುತ್ತಾರಲ್ಲ?

ಬಿರಡೆ:
ಅದರ ಮೇಲೆ ಭರವಸೆ ಇಡಬೇಡಿ. ಈ ಗಾತ್ರದ ದೋಣಿಗಳ ಡೀಸೆಲ್ ಇಂಜಿನ್ ಎಳೆಯುವುದು ನಿಮಿಷಕ್ಕೆ 20ರಿಂದ 40 ಲೀಟರ್. ತಳದ ಕಸ ಒಂದು ಸಿಕ್ಕರೆ ತಂಪುನೀರು ನಿಂತು ಇಂಜಿನ್ನೂ ಹೋಗುತ್ತದೆ, ದಡ ಸೇರುವ ದಾರಿಯೂ ಹೋಗುತ್ತದೆ. ದಡ ಹತ್ತಿರವಿದ್ದು ಇಂಜಿನ್ ಓಡುತ್ತಿದ್ದರೆ ಮರಳಿನ ತಳ ನೋಡಿ ದೋಣಿಯನ್ನು ನೇರ ಏರಿಸಿಬಿಡಿ.

ತುರ್ತು ಚೀಲದಲ್ಲಿ ಇರಲಿ: 10ರಿಂದ 50 ಮಿ.ಮೀ. ವರೆಗಿನ ಬಿರಡೆಗಳು, ಸುತ್ತಿಗೆ, 30 × 30 ಸೆಂ.ಮೀ. ರಬ್ಬರ್ ಹಾಳೆ, ಅದೇ ಅಳತೆಯ 6 ಮಿ.ಮೀ. ಪ್ಲೈವುಡ್, ತಾನೇ ಕೊರೆದುಕೊಳ್ಳುವ ಸ್ಕ್ರೂ, ಬೆಣೆಗಳು, ನೀರೊಳಗೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಅರ್ಧ ಕೆ.ಜಿ., ಹಳೆ ಟ್ಯೂಬಿನ ಪಟ್ಟಿಗಳು, ತಲೆಗೆ ಕಟ್ಟುವ ಟಾರ್ಚ್. ಟ್ಯೂಬಿನ ಪಟ್ಟಿಯನ್ನು ಎಳೆದು ಎಳೆದು ಸುತ್ತಿದರೆ ಒಡೆದ ಹೋಸ್ ದಡ ಸೇರುವವರೆಗೆ ತಡೆಯುತ್ತದೆ. ಚೀಲ ಕೈಗೆ ಸಿಗುವ ಕಡೆ, ನೆಲಹಾಸಿನ ಮೇಲಿರಬೇಕು. ತಳದಲ್ಲಿಟ್ಟರೆ ಬೇಕಾದ ಹೊತ್ತಿಗೆ ಅದೇ ಮೊದಲು ಮುಳುಗಿರುತ್ತದೆ.

ತಂತಿಪೆಟ್ಟಿಗೆ:
ಒಂದು ಸೇರಿಸುತ್ತೇನೆ. ಫ್ಲೋಟನ್ನು ಬೆರಳಲ್ಲಿ ಎತ್ತಿ ಪಂಪ್ ಸದ್ದು ಮಾಡಿತು ಎಂದು ಬಿಡಬೇಡಿ. ತಳಕ್ಕೆ ಅಳತೆ ಮಾಡಿದ 40 ಲೀಟರ್ ನೀರು ಸುರಿದು, ಫ್ಲೋಟ್ ತಾನಾಗೇ ಏಳುತ್ತದೆಯೇ, ಎಷ್ಟು ಸೆಕೆಂಡಿನಲ್ಲಿ ನೀರು ಖಾಲಿಯಾಗುತ್ತದೆ ಎಂದು ನೋಡಿ ಬರೆದಿಡಿ. ಹೊಸದರಲ್ಲಿ 40 ಸೆಕೆಂಡ್ ತೆಗೆದುಕೊಂಡದ್ದು 70 ಆದರೆ ಜಾಲರಿ ಕಟ್ಟಿದೆ, ಇಲ್ಲವೇ ಜಾಯಿಂಟಿನಲ್ಲಿ ವೋಲ್ಟೇಜ್ ಸೋರುತ್ತಿದೆ. ಪಂಪ್ ಓಡುತ್ತಿರುವಾಗಲೇ ಅದರ ಎರಡು ತಂತಿಗೆ ಮೀಟರ್ ಹಿಡಿದರೆ ಎರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ.